ಸತ್ತ ಮೇಲೆ ಅವಸರವಿಲ್ಲ

ಹೋದ ತಿಂಗಳು ಗುಂಡ್ಲುಪೇಟೆಯಿಂದ ಹಂಗಳಕ್ಕೆ ಬಸ್ಸಿನಲ್ಲಿ ಹೊರಟಿದ್ದೆ. ಪೇಟೆ ದಾಟಿದ್ದೇ ತಡ, ಕಿಟಕಿಯಿಂದ ಚೆಂಡುಹೂವಿನ ಘಾಟು ಒಳಗೆ ನುಗ್ಗಿತು. ರಸ್ತೆಯ ಎರಡೂ ಕಡೆ ಹಳದಿ, ಕೇಸರಿ ಹೊಲಗಳು. ಕೇರಳದ ನಂಬರಿನ ಕಾರುಗಳು ಸಾಲಾಗಿ ನಿಂತಿದ್ದವು. ಸೀರೆ ಉಟ್ಟ ಹೆಂಗಸರು ಸಾಲಿನ ನಡುವೆ ಇಳಿದು ಕೆನ್ನೆಗೆ ಹೂವು ಒತ್ತಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಫೋಟೋದಲ್ಲಿ ಈ ಹೂವನ್ನು ನೋಡಿದವರಿಗೆ ಅದರ ವಾಸನೆ ಗೊತ್ತಿರುವುದಿಲ್ಲ. ಒಂದು ದಿನ ಬಿಡಿಸಿದರೆ ಎರಡು ದಿನ ಕೈ ತೊಳೆದರೂ ಹೋಗದ ವಾಸನೆ ಅದು.

ಪಕ್ಕದ ಸೀಟಿನ ಹೆಂಗಸಿನ ಫೋನಿನಲ್ಲಿ ಯಾರೋ ಬೋಧಕ ನರಕದ ಬಗ್ಗೆ ಕಿರುಚುತ್ತಿದ್ದ. ಅವನ ಕಿರುಚಾಟ, ಈ ಘಾಟು ಎರಡೂ ಸೇರಿ ನನ್ನನ್ನು ಸೀದಾ ಮೂರು ವರ್ಷ ಹಿಂದಕ್ಕೆ ಎಳೆದುಕೊಂಡು ಹೋದವು. ಆ ಮಳೆಗಾಲದಲ್ಲಿ ನಾನು ಒಂದು ತಪ್ಪು ಮಾಡಿದೆ. ನೂರಾರು ಜನರ ಮುಂದೆ, ಮೈಕಿನಲ್ಲಿ, ಗಂಟಲು ಹರಿಯುವ ಹಾಗೆ ಕೂಗಿ ಮಾಡಿದೆ. ಅದನ್ನು ತಿದ್ದಿಕೋ ಎಂದವರ ಪಟ್ಟಿ ಉದ್ದವಿದೆ. ಇವತ್ತಿಗೂ ತಿದ್ದಿಕೊಂಡಿಲ್ಲ, ಮುಂದೆ ತಿದ್ದಿಕೊಳ್ಳುವುದೂ ಇಲ್ಲ.

ಅಪ್ಪ ತೀರಿಕೊಂಡದ್ದು ಆ ವರ್ಷ ಯುಗಾದಿಗೆ ನಾಲ್ಕು ದಿನ ಇರುವಾಗ. ಊರಿನ ಸಾಹುಕಾರ ಮಹದೇವಪ್ಪನವರ ಹೊಲದಲ್ಲಿ ನೀರು ಕಟ್ಟುತ್ತಿದ್ದವನು ಗುದ್ದಲಿಯನ್ನು ಬದುವಿಗೆ ಒರಗಿಸಿ, ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಹೆಸರು ಪುಟ್ಟಮಾದಯ್ಯ. ಹೆಸರಿಗೆ ತಕ್ಕ ಹಾಗೆ ಮಾದಪ್ಪನ ಒಕ್ಕಲು. ಶಿವರಾತ್ರಿ ಬಂದರೆ ಬೆಟ್ಟಕ್ಕೆ ನಡೆದೇ ಹೋಗಿ ಬರುತ್ತಿದ್ದ. ಅವ್ವನದು ಮಾತ್ರ ಬೇರೆ ದಾರಿಯಾಗಿತ್ತು. ನಾನು ಆರು ವರ್ಷದವಳಿದ್ದಾಗ ಜ್ವರ ಬಂದು ಮೂರು ವಾರ ಗುಂಡ್ಲುಪೇಟೆ ಆಸ್ಪತ್ರೆಯಲ್ಲಿ ಮಲಗಿದ್ದೆನಂತೆ. ಅಲ್ಲಿನ ಕ್ರೈಸ್ತ ಸಭೆಯವರು ದಿನಾ ಬಂದು ಮಂಚದ ಪಕ್ಕ ಕೂತು ಪ್ರಾರ್ಥನೆ ಮಾಡಿ, ಅವ್ವನಿಗೆ ಗಂಜಿ ತಂದುಕೊಡುತ್ತಿದ್ದರಂತೆ. ಅವ್ವನ ಮನಸ್ಸು ಗೆದ್ದದ್ದು ಪ್ರಾರ್ಥನೆಯೋ ಗಂಜಿಯೋ ನಾನು ಕೇಳಿಲ್ಲ. ಅಂತೂ ಅವಳು ಸಭೆ ಸೇರಿದಳು, ಜೊತೆಗೆ ನನ್ನನ್ನೂ ಸೇರಿಸಿದಳು.

ಅಪ್ಪ ಬೇಡ ಅನ್ನಲಿಲ್ಲ. "ನಿನ್ ದೇವ್ರು ಮಗೀನ್ ಉಳಿಸ್ಕೊಟ್ಟವ್ನೆ, ನೀ ಓಗು. ನಮ್ ಮಾದಪ್ಪ ನಂಗೇನೂ ತಪ್ಪು ಮಾಡಿಲ್ಲ, ನಾ ಯಾಕ್ ಅವ್ನ ಬುಡ್ಲಿ?" ಎಂದು ಅಷ್ಟಕ್ಕೇ ಮುಗಿಸಿದ್ದ. ಪ್ರತಿ ಭಾನುವಾರ ಹಳೇ ಮೊಪೆಡ್ಡಿನಲ್ಲಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಗುಂಡ್ಲುಪೇಟೆಗೆ ಬರುತ್ತಿದ್ದ. ನಮ್ಮ ಸಭೆ ನಡೆಯುವುದು ಒಂದು ಶೀಟಿನ ಹಾಲಿನಲ್ಲಿ. ಅದರ ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ಗಾಡಿ ನಿಲ್ಲಿಸಿ, "ನೀವ್ ಒಳಗ್ ಹಾಡ್ಕಳಿ, ನಾ ಗಾಡಿ ಕಾಯ್ತೀನಿ" ಎಂದು ಬೀಡಿ ಹಚ್ಚುತ್ತಿದ್ದ. ಎರಡೂವರೆ ಗಂಟೆ ಹಾಗೇ ಕೂತಿರುತ್ತಿದ್ದ. ಮಳೆ ಬಂದರೆ ಎದುರಿನ ಸೈಕಲ್ ಶಾಪಿನ ಸೂರಿನ ಕೆಳಗೆ ಹೋಗಿ ನಿಲ್ಲುತ್ತಿದ್ದ. ಹದಿನೆಂಟು ವರ್ಷ ಇದೇ ನಡೆಯಿತು.

ಅವನು ಹೋದ ವರ್ಷವೇ ಆ ಗಲಾಟೆಯೂ ಶುರುವಾಗಿತ್ತು. ಹೊರದೇಶದ ಯಾವನೋ ದೊಡ್ಡ ಬೋಧಕ ಒಂದು ಸಂದರ್ಶನದಲ್ಲಿ ಕೂತು, ದೇವರು ಕೊನೆಗೆ ಎಲ್ಲರನ್ನೂ ರಕ್ಷಿಸುತ್ತಾನೆ, ನರಕ ಒಂದು ದಿನ ಖಾಲಿಯಾಗುತ್ತದೆ ಎಂದುಬಿಟ್ಟಿದ್ದ. ಅಷ್ಟೇ ಸಾಕಾಯಿತು. ಅದು ತಮಿಳಿಗೆ ಬಂತು, ಮಲಯಾಳಕ್ಕೆ ಬಂತು, ಕಡೆಗೆ ಕನ್ನಡಕ್ಕೂ ಬಂತು. ಫೋನಿನ ಚಾನೆಲ್ಲುಗಳಲ್ಲಿ ಕೋಟು ಹಾಕಿದವರು ಎದುರುಬದುರು ಕೂತು ಕಿತ್ತಾಡತೊಡಗಿದರು. "ನರಕಕ್ಕೆ ಬೀಗ ಬೀಳುತ್ತಾ?" ಎಂದು ಹಳದಿ ಅಕ್ಷರದಲ್ಲಿ ಬರೆದು, ಹಿಂದೆ ಕೆಂಪು ಬೆಂಕಿ ಹಾಕಿ, ಬೆಂಕಿಯೊಳಗೆ ಕೈ ಎತ್ತಿದ ಜನರನ್ನು ನಿಲ್ಲಿಸಿರುತ್ತಿದ್ದರು. ಎಲ್ಲರೂ ರಕ್ಷಣೆ ಹೊಂದುತ್ತಾರೆ ಅನ್ನುವವರು, ಇಲ್ಲ ಅನ್ನುವವರು, ಕೆಳಗೆ ಕಾಮೆಂಟಿನಲ್ಲಿ ಒಬ್ಬರನ್ನೊಬ್ಬರು ಅಲ್ಲಿಗೇ ಕಳಿಸುತ್ತಿದ್ದರು.

ಅಪ್ಪನ ಫೋನು ಈಗ ಅವ್ವನ ಕೈಯಲ್ಲಿತ್ತು. ಅವಳಿಗೆ ಓದಲು ಬರುವುದಿಲ್ಲ. ಆದರೆ ಬೆರಳಲ್ಲಿ ತಳ್ಳಿದರೆ ಸಾಕಲ್ಲ, ಒಂದು ನೋಡಿದರೆ ಅಂಥದೇ ಹತ್ತು ತಾನಾಗಿ ಬರುತ್ತವೆ. ಬಂದವೆಲ್ಲ ಬೆಂಕಿಯವೇ. ಎಲ್ಲರಿಗೂ ರಕ್ಷಣೆ ಅನ್ನುವವರು ನಿಧಾನವಾಗಿ, ದೊಡ್ಡ ದೊಡ್ಡ ಮಾತಿನಲ್ಲಿ ಹೇಳುತ್ತಿದ್ದರು, ಅವ್ವನಿಗೆ ತಿಳಿಯುತ್ತಿರಲಿಲ್ಲ. ಬೆಂಕಿಯವರು ಮಾತ್ರ ಹಳ್ಳಿಯ ಮಾತಿನಲ್ಲಿ, ಹೆಸರು ಹಿಡಿದು ಕರೆದ ಹಾಗೆ ಹೇಳುತ್ತಿದ್ದರು: ನಿನ್ನ ಗಂಡ, ನಿನ್ನ ಅಣ್ಣ, ನಂಬದೆ ಸತ್ತವರು ಎಲ್ಲರೂ ಅಲ್ಲೇ, ಈಗಲೂ, ನೀನು ಉಣ್ಣುವ ಹೊತ್ತಿನಲ್ಲೂ.

ಅವ್ವ ಉಣ್ಣುವುದು ಬಿಟ್ಟಳು. ಒಲೆಯ ಮುಂದೆ ಕೂತರೆ ಉರಿಯನ್ನೇ ನೋಡುತ್ತ ಮಂಕಾಗಿಬಿಡುತ್ತಿದ್ದಳು. ಕೆಂಡದ ಮೇಲೆ ರೊಟ್ಟಿ ಸುಡುವುದನ್ನು ನಿಲ್ಲಿಸಿದಳು. ಹೂವು ಬಿಡಿಸಲು ಮಹದೇವಪ್ಪನವರ ಹೊಲಕ್ಕೆ ಹೋಗುವುದನ್ನೂ ನಿಲ್ಲಿಸಿದಳು. ಜೂನ್ ಕೊನೆಯ ವಾರ ಒಂದು ಬೆಳಿಗ್ಗೆ ಎದ್ದರೆ ಅವ್ವ ಇಲ್ಲ, ನೀರಿನ ಬಿಂದಿಗೆಯೂ ಇಲ್ಲ. ನಲ್ಲಿಯ ಹತ್ತಿರವೂ ಇರಲಿಲ್ಲ. ಊರಾಚೆ ಅಪ್ಪನನ್ನು ಮಣ್ಣು ಮಾಡಿದ ಜಾಗಕ್ಕೆ ಹೋಗಿ ನೋಡಿದರೆ, ಅಲ್ಲಿ ಸಮಾಧಿಯ ಮೇಲೆ, ತಲೆ ಇರುವ ಕಡೆ, ಬಿಂದಿಗೆ ಬಗ್ಗಿಸಿ ನೀರು ಹುಯ್ಯುತ್ತಿದ್ದಳು. ಮಣ್ಣು ಕೆಸರಾಗಿತ್ತು. ಒಂದು ದಿನದ ಕೆಸರಲ್ಲ ಅದು.

"ಏನವ್ವ ಇದು?" ಎಂದೆ.

ಅವಳು ನನ್ನ ಕಡೆ ತಿರುಗಲಿಲ್ಲ. ನಮ್ಮ ಪಾಸ್ಟರ್ ಆಗಾಗ ಹೇಳುವ ಒಂದು ಕಥೆಯಿದೆ. ಬೆಂಕಿಯಲ್ಲಿ ಬಿದ್ದ ಒಬ್ಬ ಶ್ರೀಮಂತ ನಾಲಿಗೆ ತಣ್ಣಗಾಗಲಿ ಎಂದು ಒಂದು ತೊಟ್ಟು ನೀರು ಕೇಳುತ್ತಾನೆ, ಯಾರೂ ಕೊಡುವುದಿಲ್ಲ. ಅವ್ವ ಅದನ್ನೇ ಹೇಳಿದಳು.

"ಆ ಸಾವ್ಕಾರ ಬಾಯ್ಬುಟ್ಟು ಕೇಳ್ದ ಕಣಮ್ಮಿ. ಅಂಗಿದ್ರೂ ಕೊಡ್ನಿಲ್ಲ. ನಿಮ್ಮಪ್ಪ ಕೇಳೋನೂ ಅಲ್ಲ. ಬಾಯಾರ್ದ್ರೂ ಸುಮ್ಗೆ ಕುಂತಿರ್ತಾನೆ."

ಬಿಂದಿಗೆ ಕಿತ್ತುಕೊಳ್ಳೋಣ ಅನ್ನಿಸಿತು, ಆಗಲಿಲ್ಲ. ಮನೆಗೆ ಕರೆದುಕೊಂಡು ಬಂದೆ. ಮಾರನೆಯ ದಿನ ಮತ್ತೆ ಹೋದಳು. ಅವಳು ದಿನ ದಿನಕ್ಕೆ ಒಣಗುತ್ತಿದ್ದಳು. ಹೀಗೇ ಬಿಟ್ಟರೆ ಈ ಮಳೆಗಾಲ ಮುಗಿಯುವುದರೊಳಗೆ ಅವ್ವನೂ ಕೈಬಿಟ್ಟು ಹೋಗುತ್ತಾಳೆ ಎಂದು ನನಗೆ ಖಾತ್ರಿಯಾಗಿತ್ತು. ಯಾರಿಗೆ ಹೇಳಲಿ? ಪಾಸ್ಟರಿಗೆ ಹೇಳಿದೆ. ಅವರು ಒಳ್ಳೆಯ ಮನುಷ್ಯರೇ. ಕಣ್ಣಲ್ಲಿ ನೀರು ತಂದುಕೊಂಡು, "ಪ್ರಾರ್ಥನೆ ಮಾಡೋಣ ಸುಮತಿ" ಎಂದರು. "ಏನಂತ ಮಾಡನ?" ಎಂದು ಕೇಳಿದೆ.

ಜುಲೈನಲ್ಲಿ ನಮ್ಮ ಸಭೆಯಿಂದ ಮೂರು ದಿನದ ಉಜ್ಜೀವನ ಕೂಟ ಇಟ್ಟುಕೊಂಡರು. ಪೇಟೆಯ ಹೊರಗೆ ಖಾಲಿ ಜಾಗದಲ್ಲಿ ಶಾಮಿಯಾನ ಹಾಕಿದ್ದರು, ಪಕ್ಕದಲ್ಲೇ ಚೆಂಡುಹೂವಿನ ಹೊಲ. ಕೇರಳದಿಂದ ಒಬ್ಬ ಉಪದೇಶಿ ಬಂದಿದ್ದರು. ಆ ಹೊರದೇಶದ ಬೋಧಕನಿಗೆ ಉತ್ತರ ಕೊಡುವುದೇ ಅವರ ಮೂರು ದಿನದ ವಿಷಯ. ಎರಡನೆಯ ದಿನ ಮಧ್ಯಾಹ್ನ ತರ್ಜುಮೆ ಮಾಡುತ್ತಿದ್ದ ಬ್ರದರಿಗೆ ಗಂಟಲು ಕಟ್ಟಿತು. ಪಾಸ್ಟರ್ ಓಡಿಬಂದು ನನ್ನ ಕೈ ಹಿಡಿದರು.

ನಾನು ಆಗ ಕೇರಳಕ್ಕೆ ತರಕಾರಿ ಕಳಿಸುವ ಒಂದು ಮಂಡಿಯಲ್ಲಿ ಕೆಲಸ ಮಾಡುತ್ತಿದ್ದೆ. ದಿನಾ ಕೇರಳದ ಡ್ರೈವರುಗಳ ಜೊತೆ ಮಾತಾಡಿ ಮಾತಾಡಿ ಮಲಯಾಳ ಬಾಯಿಗೆ ಹತ್ತಿತ್ತು.

"ನಂದು ಬೀನ್ಸ್ ಮಲಯಾಳ ಪಾಸ್ಟ್ರೇ," ಎಂದೆ. "ಕ್ರೇಟು ಇಳ್ಸು, ಇದು ಕೊಳ್ತದೆ, ನಾಳಿಕ್ ಬಾ, ಇಷ್ಟೇಯ ಗೊತ್ತಿರದು."

"ನೀನು ಬಾಯಿ ತೆಗಿ, ಮಾತು ದೇವರು ಕೊಡ್ತಾರೆ" ಎಂದು ಮೈಕು ಕೊಟ್ಟೇಬಿಟ್ಟರು.

ಶಾಮಿಯಾನದ ಮೇಲೆ ಸೋನೆ ಹಿಡಿದಿತ್ತು. ಮುಂದೆ ಚಾಪೆಯ ಮೇಲೆ ಹೆಂಗಸರ ಸಾಲಿನಲ್ಲಿ ಅವ್ವ ಸೆರಗು ಹೊದ್ದು, ತಲೆ ತಗ್ಗಿಸಿ ಕೂತಿದ್ದಳು. ಉಪದೇಶಿ ಒಂದು ಮಾತು ಹೇಳುವುದು, ನಾನು ಅದನ್ನು ಕನ್ನಡದಲ್ಲಿ ಹೇಳುವುದು. ಅವರು ಕೂಗಿದರೆ ನಾನೂ ಕೂಗಬೇಕು, ಅವರು ಕೈ ಬೀಸಿದರೆ ನಾನೂ ಬೀಸಬೇಕು. ಅದು ತರ್ಜುಮೆಯವರ ಪದ್ಧತಿ. ಅರ್ಧ ಮಾತು ಗೊತ್ತಾಗುತ್ತಿತ್ತು, ಇನ್ನರ್ಧವನ್ನು ಅಂದಾಜಿನಲ್ಲಿ ತಳ್ಳುತ್ತಿದ್ದೆ. ಮುಕ್ಕಾಲು ಗಂಟೆಯ ಮೇಲೆ ಅವರು ಮೇಜಿನ ಮುಂದಕ್ಕೆ ಬಂದು, ಬೆರಳೆತ್ತಿ ಗುಡುಗಿದರು:

"ಮರಿಚ್ಚಾಲ್ ಪಿನ್ನೆ ಅವಸರಮಿಲ್ಲ!"

ಇದು ಸಲೀಸಾಗಿ ತಿಳಿಯಿತು. ನಾನೂ ಬೆರಳೆತ್ತಿ ಗುಡುಗಿದೆ: "ಸತ್ತ ಮೇಲೆ ಅವಸರವಿಲ್ಲ!"

ತಮ್ಮದೇ ಶಬ್ದ ನನ್ನ ಬಾಯಲ್ಲೂ ಬಂದದ್ದು ಕೇಳಿ ಅವರಿಗೆ ಖುಷಿಯಾಗಿರಬೇಕು. ನನ್ನ ಕಡೆ ತಲೆಯಾಡಿಸಿ ಮತ್ತೆ ಹೇಳಿದರು. ನಾನೂ ಮತ್ತೆ ಹೇಳಿದೆ. ಮೂರನೆಯ ಸಲ ಹೇಳುವಾಗ ಬರೀ ಅಷ್ಟು ಮಾತು ಬೋಳುಬೋಳಾಗಿ ಕಂಡಿತು. ತರ್ಜುಮೆ ಮಾಡುವವರು ಹೀಗೆ ಒಂದೆರಡು ಮಾತು ಸೇರಿಸುವುದುಂಟು. ನಾನೂ ಸೇರಿಸಿದೆ: "ದೇವರಿಗೆ ಯಾವ ಆತುರವೂ ಇಲ್ಲ! ನಿಧಾನವಾಗಿ ನೋಡುತ್ತಾನೆ, ವಿಚಾರಿಸುತ್ತಾನೆ, ಕೈ ಹಿಡಿದು ಕರೆದುಕೊಳ್ಳುತ್ತಾನೆ!"

ಅವ್ವ ತಲೆ ಎತ್ತಿದಳು. ಸೆರಗು ಹೆಗಲಿಗೆ ಜಾರಿತು. ನನ್ನನ್ನೇ ನೋಡಿದಳು. ನಾಲ್ಕು ತಿಂಗಳಲ್ಲಿ ಅವಳು ನನ್ನ ಮುಖವನ್ನು ಹಾಗೆ ನೋಡಿರಲಿಲ್ಲ.

ಮಾರನೆಯ ಬೆಳಿಗ್ಗೆ ಬಿಂದಿಗೆ ಜಾಗದಲ್ಲೇ ಇತ್ತು. ಅವ್ವ ಇನ್ನೂ ಮಲಗಿದ್ದಳು, ಬಾಯಿ ತೆರೆದುಕೊಂಡು, ಸಣ್ಣಗೆ ಗೊರಕೆ ಹೊಡೆಯುತ್ತ. ಎಂಟು ಗಂಟೆಗೆ ಎದ್ದು ಒಲೆ ಹಚ್ಚಿ, ಕೆಂಡ ಎಳೆದು, ರಾಗಿ ರೊಟ್ಟಿ ಸುಟ್ಟಳು. ನನಗೆ ಎರಡು ಹಾಕಿ ತಾನು ಮೂರು ತಿಂದಳು. "ಅವಸ್ರ ಇಲ್ವಂತಲ್ಲ" ಎಂದಳು, ತನಗೆ ತಾನೇ ಹೇಳಿಕೊಂಡ ಹಾಗೆ. ಅದೇ ವಾರ ಹೂವು ಬಿಡಿಸಲು ಹೊಲಕ್ಕೆ ಹೋದಳು. ನಾನು ಕುಣಿಯುವುದೊಂದು ಬಾಕಿ.

ಆ ಖುಷಿ ನಾಲ್ಕು ದಿನ ಬಾಳಿತು. ಮಂಡಿಗೆ ಹೊಸದಾಗಿ ಬರುತ್ತಿದ್ದ ಒಬ್ಬ ಕೇರಳದ ಡ್ರೈವರು ಲೋಡಿನ ಸರದಿಯಲ್ಲಿ ಹಿಂದೆ ನಿಂತಿದ್ದ. ನನ್ನ ಹತ್ತಿರ ಬಂದು, "ಚೇಚ್ಚಿ, ಎನಿಕ್ಕುಂ ಒರವಸರಂ ತಾ" ಎಂದ. ನಾನು, "ಅವಸರ ಮಾಡಬೇಡಪ್ಪ, ಎಲ್ಲರಿಗೂ ಲೋಡ್ ಮಾಡುತ್ತೇವೆ" ಎಂದು ನನ್ನ ಮಲಯಾಳದಲ್ಲಿ ಹೇಳಿದೆ. ಅವನು ಬಿದ್ದು ಬಿದ್ದು ನಕ್ಕ. ಕನ್ನಡ ಸ್ವಲ್ಪ ಬಲ್ಲವನು. ಅವಸರ ಅಂದರೆ ತಮ್ಮಲ್ಲಿ ಆತುರವಲ್ಲ, ಚಾನ್ಸು, ನನಗೂ ಒಂದು ಚಾನ್ಸು ಕೊಡಿ ಎಂದು ಕೇಳಿದೆ ಅಷ್ಟೇ ಎಂದ.

ನಾನು ಬೀಟ್‌ರೂಟ್ ಕ್ರೇಟಿನ ಮೇಲೆ ಕೂತುಬಿಟ್ಟೆ. ಸತ್ತ ಮೇಲೆ ಇನ್ನೊಂದು ಅವಕಾಶವಿಲ್ಲ. ಎಲ್ಲಾ ಮುಗಿಯಿತು, ಬಾಗಿಲು ಮುಚ್ಚಿತು. ಅವರು ಹೇಳಿದ್ದು ಅದು. ಯಾವ ಮಾತು ಅವ್ವನನ್ನು ಸ್ಮಶಾನಕ್ಕೆ ಅಟ್ಟುತ್ತಿತ್ತೋ ಅದೇ ಮಾತನ್ನು ನಾನು ಅಡಿಮೇಲು ಮಾಡಿ ಅವಳ ಕೈಗೆ ಕೊಟ್ಟಿದ್ದೆ. ನಾಚಿಕೆಯಿಂದ ಮುಖ ಬಿಸಿಯಾಯಿತು. ಆದರೆ ನಾಚಿಕೆಗಿಂತ ದೊಡ್ಡದಾಗಿ ಇನ್ನೊಂದು ಭಯ ಹೊಕ್ಕಿತು: ಇದು ಅವ್ವನಿಗೆ ತಿಳಿಯಬಾರದು.

ತಿಳಿಯದೆ ಇರುತ್ತದೆಯೇ? ಕೂಟವನ್ನೆಲ್ಲ ಸಭೆಯ ಹುಡುಗರು ಲೈವ್ ಹಾಕಿದ್ದರು. ಎರಡೂ ಭಾಷೆ ಬಲ್ಲ ಯಾರೋ ಪುಣ್ಯಾತ್ಮರು ಆ ನಲವತ್ತು ಸೆಕೆಂಡನ್ನು ಕತ್ತರಿಸಿ ಹರಿಯಬಿಟ್ಟರು. ಒಂದು ಚಾನೆಲ್ಲು ನನ್ನ ಮುಖಕ್ಕೆ ಕೆಂಪು ಗೀಟು ಹಾಕಿ "ಗುಂಡ್ಲುಪೇಟೆಯಲ್ಲಿ ಸುಳ್ಳು ಬೋಧನೆ" ಎಂದಿತು. ಇನ್ನೊಂದು ನನ್ನ ತಲೆಯ ಹಿಂದೆ ಬೆಳಕು ಹಾಕಿ "ಹಳ್ಳಿ ಹುಡುಗಿಯ ಬಾಯಲ್ಲಿ ಸತ್ಯ" ಎಂದಿತು. ನನ್ನ ಮುಖ ಎರಡರಲ್ಲೂ ಒಂದೇ ಥರ ಬೆವತಿತ್ತು.

ಮೈಸೂರಿನಿಂದ ಚರ್ಚೆಯ ಚಾನೆಲ್ ನಡೆಸುವ ಒಬ್ಬ ಹುಡುಗ ಫೋನು ಮಾಡಿದ. ತುಂಬ ವಿನಯದವನು.

"ಮೇಡಂ, ನೀವು ಸರ್ವರ ರಕ್ಷಣೆಯ ಸಿದ್ಧಾಂತ ಒಪ್ತೀರಲ್ವಾ? ಲೈವ್‌ಗೆ ಬನ್ನಿ. ಎದುರಿನ ಪಾರ್ಟಿಯವರನ್ನೂ ಕರೆದಿದ್ದೀನಿ."

"ಅದೇನಪ್ಪ ಅದು, ಸರ್ವರ ರಕ್ಷಣೆ?"

"ಕೊನೆಗೆ ಎಲ್ಲರೂ ರಕ್ಷಣೆ ಹೊಂದ್ತಾರೆ ಅಂತ. ಮೂಲ ಗ್ರೀಕಿನಲ್ಲಿ ಎಲ್ಲರೂ ಅನ್ನೋ ಪದ ಇದೆ ಮೇಡಂ."

"ಗ್ರೀಕಲ್ಲಿ ಹಂಗಳದ ಪುಟ್ಟಮಾದಯ್ಯ ಅಂತ ಇದ್ಯಾ ನೋಡಿ ಹೇಳಿ, ಆಮೇಲ್ ಬತ್ತೀನಿ" ಎಂದು ಇಟ್ಟುಬಿಟ್ಟೆ. ಅವನು ನನ್ನ ಪರವಾಗಿಯೇ ಇದ್ದ, ನಿಜ. ಆದರೆ ಅವನಿಗೆ ಬೇಕಾದದ್ದು ಗೆಲುವು. ನಮ್ಮಪ್ಪ ಆ ಎರಡು ಪಾರ್ಟಿಗಳ ನಡುವಿನ ಕಬಡ್ಡಿ ಗೆರೆಯಲ್ಲ.

ಪಾಸ್ಟರ್ ಮನೆಗೇ ಬಂದರು. ಅವ್ವ ಹೊಲಕ್ಕೆ ಹೋಗಿದ್ದಳು, ಅದೊಂದು ಪುಣ್ಯ. ಬೆಂಗಳೂರಿನಲ್ಲಿರುವ ಸಭೆಯ ಹಿರಿಯರು ಅವರನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಿದ್ದರು.

"ಒಂದು ನಿಮಿಷದ ವಿಡಿಯೋ ಸಾಕು ಸುಮತಿ. ನಾನು ತಪ್ಪು ಹೇಳಿದೆ, ಸತ್ತ ಮೇಲೆ ಅವಕಾಶವಿಲ್ಲ, ಇದೇ ನಮ್ಮ ನಂಬಿಕೆ, ಅಷ್ಟೇ. ಗೊತ್ತಿಲ್ಲದೆ ಆದ ತಪ್ಪು, ಯಾರೂ ಬೈಯಲ್ಲ."

"ಆ ವಿಡಿಯೋ ನೋಡೋ ಮೊದಲನೇ ಮನ್ಸೆ ನಮ್ಮವ್ವ ಪಾಸ್ಟ್ರೇ. ಅವ್ಳು ಬಿಂದಿಗೆ ಎತ್ಕಂಡು ಓದ್ರೆ ನೀವ್ ಬಂದು ಇಳುಸ್ತೀರ?"

ಅವರು ತಲೆ ತಗ್ಗಿಸಿದರು. "ಸುಳ್ಳಿನ ಸಮಾಧಾನ ಸಮಾಧಾನ ಅಲ್ಲ" ಎಂದು ಮೆಲ್ಲಗೆ ಹೇಳಿ, ಭಾನುವಾರ ಆರಾಧನೆಯಲ್ಲಿ ನಾನೇ ಎದ್ದು ನಿಂತು ತಿದ್ದಿ ಹೇಳಬೇಕು, ಹಿರಿಯರು ಲೈವ್ ನೋಡುತ್ತಾರೆ, ಇಲ್ಲವಾದರೆ ಸಭೆಯಿಂದ ನಮ್ಮಿಬ್ಬರನ್ನೂ ತೆಗೆಯಬೇಕಾಗುತ್ತದೆ ಎಂದರು. ಎರಡು ವಾರ ಟೈಮು ಕೊಟ್ಟರು.

ಆ ಎರಡು ವಾರ ನಾನು ಬದುಕಿದ ರೀತಿ ನನಗೇ ಗೊತ್ತು. ಅವ್ವನ ಫೋನನ್ನು ರಿಪೇರಿ ಎಂದು ಸುಳ್ಳು ಹೇಳಿ ನನ್ನ ಬ್ಯಾಗಿಗೆ ಹಾಕಿಕೊಂಡೆ. ಹೊಲದಲ್ಲಿ ಯಾರಾದರೂ ಬಾಯಿಬಿಟ್ಟಾರೆಂದು ಕೆಲಸ ಮುಗಿದದ್ದೇ ಓಡಿಹೋಗಿ ಕರೆದುಕೊಂಡು ಬರುತ್ತಿದ್ದೆ. ಒಂದು ಸಂಜೆ ಬದುವಿನಲ್ಲಿ ಮಹದೇವಪ್ಪನವರೇ ನನ್ನನ್ನು ತಡೆದು ನಿಲ್ಲಿಸಿದರು. ಹಣೆ ತುಂಬ ವಿಭೂತಿ, ಕೈಯಲ್ಲಿ ಫೋನು. ಅಪ್ಪ ಅವರ ಹೊಲದಲ್ಲಿ ಮೂವತ್ತು ವರ್ಷ ದುಡಿದವನು.

"ಅಲ್ಲಮ್ಮಿ, ಇದ್ರಲ್ ಯಾರೋ ನಮ್ ಪುಟ್ಟಮಾದುನ್ನ ಬೆಂಕಿಗಾಕವ್ರೆ?"

"ನಂಬ್ದೆ ಸತ್ತೋರ್ನೆಲ್ಲ ಆಕ್ತಾರಂತೆ ಸಾವ್ಕಾರ್ರೆ."

"ಅಂಗಾರೆ ನಾನೂವೆ?"

"ನೀವೂವೆ."

ಅವರು ಫೋನು ಜೇಬಿಗೆ ಹಾಕಿಕೊಂಡು ನಕ್ಕರು. "ಸರಿ ಬುಡು. ಪುಟ್ಟಮಾದ ಇದ್ರೆ ಅಲ್ಲೂ ನೀರ್ ಕಟ್ಟಕ್ಕೆ ಜೊತೆ ಆಯ್ತು." ಆಮೇಲೆ ನಗು ನಿಲ್ಲಿಸಿ, ದನಿ ತಗ್ಗಿಸಿ ಹೇಳಿದರು: "ನಿಮ್ ದೇವ್ರ್ ಇಚಾರ ನಂಗ್ ತಿಳೀದು. ಆದ್ರೆ ಅವ್ನು ನನ್ ಹೊಲ್ದಲ್ಲಿ ಒಂದ್ ದಿನ್ವೂ ಮೈಗಳ್ಳತನ ಮಾಡ್ಲಿಲ್ಲ ಅಂತ ನೀನ್ ಬೇಕಾರ್ ಮೈಕ್ನಲ್ಲೇ ಏಳು. ನಾ ಸಾಕ್ಷಿ."

ಭಾನುವಾರ ಬಂತು. ಆಗಸ್ಟ್, ಕೇರಳದಲ್ಲಿ ಓಣಂ ಹತ್ತಿರ, ಹೂವಿನ ಲಾರಿಗಳು ಪೇಟೆಯ ರಸ್ತೆಯನ್ನೆಲ್ಲ ತುಂಬಿಕೊಂಡಿದ್ದವು. ಅವ್ವನನ್ನು ಬರಬೇಡ ಎಂದೆ, ಮಳೆ ಎಂದೆ, ಬಸ್ಸಿಲ್ಲ ಎಂದೆ. ಅವಳು ಆಗಲೇ ಸೀರೆ ಉಟ್ಟು ನಿಂತಿದ್ದಳು. ಹಾಲಿನಲ್ಲಿ ಎಂದಿಗಿಂತ ಹೆಚ್ಚು ಜನ. ಕಂಬಿಯ ಮೇಲೆ ಸಿಕ್ಕಿಸಿದ ಲೈವ್ ಫೋನು ನನ್ನ ಕಡೆಗೇ ಮುಖ ಮಾಡಿತ್ತು. ಎರಡು ಹಾಡು ಮುಗಿದ ಮೇಲೆ ಪಾಸ್ಟರ್ ನನ್ನ ಹೆಸರು ಕರೆದರು.

ಸುಳ್ಳು ಹೇಳುವುದು ಬೇಡ ಎಂದು ಮಾತ್ರ ತೀರ್ಮಾನ ಮಾಡಿಕೊಂಡು ಬಂದಿದ್ದೆ. ಅವ್ವನ ಕಡೆ ನೋಡದೆ ಶುರು ಮಾಡಿದೆ.

"ಉಪದೇಶಿಯವರು ಹೇಳಿದ್ದು, ಸತ್ತ ಮೇಲೆ ಅವಕಾಶವಿಲ್ಲ ಅಂತ. ಅವಸರ ಅಂದ್ರೆ ಅವರ ಭಾಷೆಯಲ್ಲಿ ಅವಕಾಶ. ನನಗೆ ಗೊತ್ತಿರಲಿಲ್ಲ. ಅವರ ಮಾತನ್ನು ನಾನು ತಪ್ಪಾಗಿ ದಾಟಿಸಿದೆ. ಅದಕ್ಕೆ ಅವರ ಹತ್ತಿರ ಕ್ಷಮೆ ಕೇಳ್ತೀನಿ."

ಪಾಸ್ಟರ್ ನಿಟ್ಟುಸಿರು ಬಿಟ್ಟು ಮೈಕಿಗೆ ಕೈ ಚಾಚಿದರು. ನಾನು ಕೊಡಲಿಲ್ಲ.

"ಅವರು ಹೇಳಿದ್ದು ಅವರದು. ನಾನು ಹೇಳಿದ್ದು ನಂದು. ನಾನು ಹೇಳಿದ್ದನ್ನ ನಾನು ವಾಪಸ್ ತಗೊಳ್ಳಲ್ಲ. ನಮ್ಮಪ್ಪ ಈ ಗೇಟಿನ ಹೊರಗೆ ಹದಿನೆಂಟು ವರ್ಷ ಕೂತಿದ್ದ. ಬಿಸಿಲಲ್ಲಿ, ಮಳೇಲಿ. ಸತ್ತರೆ ಬೆಂಕಿಗೆ ಹೋಗ್ತಾನೆ ಅಂತ ಒಳಗಿದ್ದ ನಮಗೆಲ್ಲ ಅಷ್ಟು ಗಟ್ಟಿಯಾಗಿ ಗೊತ್ತಿದ್ದರೆ, ಒಬ್ಬರಾದರೂ ಓಡಿಹೋಗಿ ಕೈ ಹಿಡಿದು ಎಳೀಬೇಕಿತ್ತಲ್ಲ? ನಾನೂ ಹೋಗಲಿಲ್ಲ. ಯಾರೂ ಒಂದು ಲೋಟ ಟೀ ಕೂಡ ತಗೊಂಡು ಹೋಗಲಿಲ್ಲ. ಅವನು ಬದುಕಿದ್ದಾಗ ಅವಸರ ಇಲ್ಲದೋರಿಗೆ, ಸತ್ತ ಮೇಲೆ ಯಾಕಿಷ್ಟು ಅವಸರ?"

ಆಗ ಧೈರ್ಯ ಮಾಡಿ ಅವ್ವನ ಕಡೆ ನೋಡಿದೆ. ಅವಳು ಎದ್ದು ನಿಂತಿದ್ದಳು. ಎಲ್ಲಾ ಮುಗಿಯಿತು, ನಾನೇ ಕೈಯಾರೆ ಮುಗಿಸಿದೆ ಅಂದುಕೊಂಡೆ. ಬಾಯಿಂದ "ತಪ್ಪಾಯ್ತು ಕಣವ್ವ" ಎಂದು ಬಂತು.

"ಏನ್ ತಪ್ಪಾಯ್ತು?" ಎಂದಳು ಅವ್ವ. "ಅವ್ರು ಏನಂದ್ರು ಅಂತ ನಂಗ್ ಆವತ್ತೇ ಗೊತ್ತಿತ್ತು."

ಅವ್ವ ಮಲಯಾಳ ಆಡಿದ್ದನ್ನು ನಾನು ಒಂದು ದಿನವೂ ಕೇಳಿರಲಿಲ್ಲ.

"ಮದ್ವೆಗ್ ಮುಂಚೆ ನಾಕು ವರ್ಷ ಕೇರಳದ್ ಬತ್ತೇರಿ ತಾವು ಸುಂಟಿ ಕಿತ್ತೀವ್ನಿ. ಅವ್ರ್ ಮಾತ್ ನಂಗ್ ಬರಲ್ವ? ಇವ್ಳ ಬೀನ್ಸ್ ಮಲಯಾಳ್ದಂಗಲ್ಲ ನಂದು." ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವ್ವ ನಗಲಿಲ್ಲ. "ಎಲ್ಡು ಮಾತೂ ಒಟ್ಗೇ ಕಿವೀಗ್ ಬಿತ್ತು. ಒಂದು ಆವಪ್ಪಂದು, ಇನ್ನೊಂದು ನನ್ ಮಗ್ಳುದು. ಇದ್ರಲ್ಲಿ ನನ್ ದೇವ್ರ ಮಾತು ಯಾವ್ದು ಅಂತ ಕುಂತಲ್ಲೇ ನೋಡ್ದಿ. ನನ್ ಮಗೀನ್ ಮಂಚುದ್ ತಾವು ಮೂರ್ ವಾರ ಕಾದೋನು ಅವ್ನು. ಚಾನ್ಸ್ ಮುಗೀತು ಅನ್ನೋ ಪೈಕಿ ಅಲ್ಲ. ಇವ್ಳ್ ಮಾತ್ನೇ ನಾ ಮನ್ಸಲ್ ಮಡೀಕಂಡಿ."

"ಸಹೋದರಿ, ನಮಗೆ ಬೇಕಾದ ಮಾತನ್ನ ನಾವು ಆರಿಸಿಕೊಳ್ಳೋಕೆ ಆಗಲ್ಲ," ಎಂದರು ಪಾಸ್ಟರ್.

"ಮತ್ತೆ ಫೋನಲ್ಲಿ ಕೋಟಾಕ್ಕಂಡೋರೆಲ್ಲ ಏನ್ ಮಾಡ್ತಾವ್ರೆ?"

ಅವ್ವ ಚಾಪೆಯ ಮೇಲೆ ಮತ್ತೆ ಕೂತು, ಸೆರಗು ಸರಿಮಾಡಿಕೊಂಡು, "ಹಾಡ್ ಸುರು ಮಾಡಿ, ಒತ್ತಾಯ್ತದೆ" ಎಂದಳು. ನಾನು ಅವಳ ಪಕ್ಕದಲ್ಲಿ ಹೋಗಿ ಕೂತು ಗೊಳೋ ಎಂದು ಅತ್ತೆ. ಅವಳು ನನ್ನ ತೊಡೆಯ ಮೇಲೆ ಕೈ ಇಟ್ಟುಕೊಂಡು ಹಾಡಿದಳು.

ಅಂದೇ ನನ್ನ ಹೆಸರನ್ನು ಸಭೆಯ ಗ್ರೂಪಿನಿಂದ ತೆಗೆದರು. ಮೈಕಿನ ಹತ್ತಿರ ಮತ್ತೆ ಬಿಡಲಿಲ್ಲ. ಹಿರಿಯರಿಂದ ಒಂದು ಪತ್ರವೂ ಬಂತು, ತಪ್ಪೊಪ್ಪಿಕೊಳ್ಳುವವರೆಗೆ ನಾವಿಬ್ಬರೂ ಸಭೆಯ ಸದಸ್ಯರಲ್ಲ ಎಂದು. ಬೇರೆ ಸಭೆಯವರು, ಆ ಮೈಸೂರಿನ ಹುಡುಗ, ಎಲ್ಲರೂ ಕರೆದರು. ನೆಂಟರು, ಇನ್ನು ಅಲ್ಲಿಗೆ ಯಾಕೆ ಹೋಗುತ್ತೀರಿ ಎಂದರು. ನಾವು ಹೋಗುವುದು ಬಿಡಲಿಲ್ಲ. ನಮ್ಮ ಮನೆಯಿಂದ ಗೇಟಿನ ಹೊರಗೆ ಕೂತವನು ಅಪ್ಪ ಒಬ್ಬ ಸಾಕಿತ್ತು. ಪ್ರತಿ ಭಾನುವಾರ ಹೋಗಿ ಮುಂದಿನ ಸಾಲಿನಲ್ಲೇ ಕೂತೆವು. ಎಬ್ಬಿಸುವ ಧೈರ್ಯ ಯಾರಿಗೂ ಬರಲಿಲ್ಲ.

ನರಕ ಉಂಟೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಉಂಟು ಅನ್ನುವವರೂ ನೋಡಿ ಬಂದಿಲ್ಲ, ಇಲ್ಲ ಅನ್ನುವವರೂ ನೋಡಿ ಬಂದಿಲ್ಲ. ಈಗ ಚಾಮರಾಜನಗರದ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ಮಲಯಾಳ, ತಮಿಳಿನ ರೋಗಿಗಳು ಬಂದರೆ ಡಾಕ್ಟರು ನನ್ನನ್ನೇ ಕರೆಯುತ್ತಾರೆ. ಅಲ್ಲಿ ಒಂದು ಮಾತನ್ನೂ ಅಂದಾಜಿನಲ್ಲಿ ದಾಟಿಸುವುದಿಲ್ಲ, ತಿಳಿಯದಿದ್ದರೆ ಎರಡು ಸಲ ಕೇಳುತ್ತೇನೆ. ಆದರೆ ಆ ಒಂದು ಮಾತನ್ನು ಮಾತ್ರ ಯಾರ ಮುಂದೆ ಬೇಕಾದರೂ ಮತ್ತೆ ಅದೇ ಥರ ಹೇಳುತ್ತೇನೆ.

ಆ ವರ್ಷದ ಹೂವು ಮುಗಿಯುವ ಹೊತ್ತಿಗೆ ನಡೆದದ್ದೊಂದನ್ನು ಹೇಳಬೇಕು. ನಮ್ಮ ಆರಾಧನೆಯ ಕೊನೆಯಲ್ಲಿ ಒಬ್ಬೊಬ್ಬರೇ ತಮ್ಮ ತಮ್ಮ ಬೇಡಿಕೆಯನ್ನು ಬಾಯಿಬಿಟ್ಟು ಹೇಳುತ್ತಾರೆ. ಮಗನ ಪರೀಕ್ಷೆ, ಸೊಸೆಯ ಹೆರಿಗೆ, ಮಂಡಿ ನೋವು. ಪ್ರತಿಯೊಂದಕ್ಕೂ ಮೊದಲು ಪಾಸ್ಟರ್ ಆಮೆನ್ ಅನ್ನುತ್ತಾರೆ, ಆಮೇಲೆ ಎಲ್ಲರೂ ಅನ್ನುತ್ತಾರೆ. ಸತ್ತವರಿಗಾಗಿ ಬೇಡುವ ರೂಢಿ ನಮ್ಮಲ್ಲಿಲ್ಲ. ಅವ್ವ ಶುರು ಮಾಡಿದಳು. "ನನ್ ಗಂಡ ಪುಟ್ಟಮಾದಯ್ಯನ್ನ ಕೈಬುಡ್ಬ್ಯಾಡ ಕಣಪ್ಪ" ಎಂದು ಹೇಳಿ, ಕಣ್ಣು ಮುಚ್ಚಿಕೊಂಡು ಆಮೆನ್ನಿಗೆ ಕಾದಳು. ಯಾರೂ ತುಟಿ ತೆರೆಯಲಿಲ್ಲ. ಪಾಸ್ಟರ್ ಮುಂದಿನವರ ಕಡೆ ತಿರುಗಿದರು. ಎರಡನೆಯ ವಾರವೂ ಹಾಗೇ ಆಯಿತು, ಮೂರನೆಯ ವಾರವೂ.

ನಾಲ್ಕನೆಯ ಭಾನುವಾರ ಅವ್ವ ಅದನ್ನೇ ಹೇಳಿ ಕಾದು ಕೂತಳು. ಪಾಸ್ಟರ್ ಈ ಸಲ ಮುಂದಿನವರ ಕಡೆ ತಿರುಗಲಿಲ್ಲ. ಕಂಬಿಯ ಹತ್ತಿರ ಹೋಗಿ, ಬಗ್ಗಿ, ಹಿರಿಯರು ನೋಡುತ್ತಿದ್ದ ಲೈವ್ ನಿಲ್ಲಿಸಿದರು. ತಿರುಗಿ ಬಂದು, ತಗ್ಗಿದ ದನಿಯಲ್ಲಿ, "ಆಮೆನ್" ಎಂದರು. ಹಿಂದಿನಿಂದ ಇಡೀ ಹಾಲು ಆಮೆನ್ ಎಂದಿತು.

ಅವ್ವ ಕಣ್ಣು ತೆರೆದಳು. ಮೊದಲು ಪಾಸ್ಟರನ್ನು ನೋಡಿದಳು, ಆಮೇಲೆ ಕಪ್ಪಾಗಿದ್ದ ಫೋನನ್ನು ನೋಡಿದಳು.

"ಫೋನ್ ಆಕಿ ಪಾಸ್ಟ್ರೇ," ಎಂದಳು. "ಇನ್ನೊಂದ್ಸಲ ಆಮೆನ್ ಅನ್ನನ."

ಪಾಸ್ಟರ್ ಕಂಬಿಯ ಹತ್ತಿರ ಹೋಗಿ ಫೋನು ಹಾಕಿದರು.